ಲೆಕ್ಕದ ಹೊತ್ತಗೆಯೂ ಹಾಡಿನ ಹೊತ್ತಗೆಯೂ



ನಮ್ಮೂರ ಅಮ್ಮನವರ ದೇವಾಲಯದ ಜೀರ್ಣೋದ್ಧಾರ ಕಾರ್ಯವು ಆಕೆಯ ಕೃಪೆಯಿಂದಲೂ ತಮ್ಮೆಲ್ಲರ ಔದಾರ್ಯದಿಂದಲೂ ಕುಂಭಾಭಿಷೇಕದ ಹಂತಕ್ಕೆ ಬಂದು ನಿಂತಿದೆ. ಈ ಶುಭ ಸಂದರ್ಭದ ಸ್ಮರಣ ಸಂಚಿಕೆಗೆ ನಾನೂ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದರು. ಮೊದಲು ಅವರು ಕೇಳಿದ್ದು ಜಮಾಖರ್ಚಿನ ಪಟ್ಟಿಯನ್ನು. ಗ್ರಾಮಲೆಕ್ಕಿಗನಿಂದ ಬೇರೇನನ್ನು ಕೇಳಿಯಾರು? ಅದನ್ನು ಬರೆದು ಮಂಟಪದ ಗೋಡೆಗೆ ಅಂಟಿಸಿದ್ದೇನೆ. ಓದಿ, ತಪ್ಪು ಕಂಡರೆ ತಿಳಿಸಬೇಕು. ಇಲ್ಲಿ ಅರಿಕೆ ಮಾಡುವುದು ಇನ್ನೊಂದು ಬಗೆಯ ಲೆಕ್ಕ.

ಕಳೆದ ಧನುರ್ಮಾಸದಲ್ಲಿ ಒಂದು ಬೆಳಗಿನ ಭಜನೆ ಮುಗಿದು ಪೊಂಗಲು ಹಂಚುತ್ತಿದ್ದಾಗ, ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ನಮ್ಮೂರ ಹುಡುಗನೊಬ್ಬನು ನನ್ನನ್ನು ಕಂಬದ ಮರೆಗೆ ಕರೆದು, "ಮಾವ, ನನಗೆ ಹಾಡು ಕಟ್ಟುವ ಹುಚ್ಚು ಹಿಡಿದಿದೆ. ಕೆಲಸ ಬಿಟ್ಟರೆ ಮನೆ ನಡೆಯದು. ಹಾಡು ಬಿಟ್ಟರೆ ರಾತ್ರಿ ನಿದ್ದೆ ಬಾರದು. ಎರಡರಲ್ಲಿ ಯಾವುದನ್ನು ಬಿಡಲಿ?" ಎಂದು ಕೇಳಿದನು. ನಾನು ಮೂವತ್ತು ವರ್ಷಗಳಿಂದ ಹಗಲು ಅಡಂಗಲ್, ಚಿಟ್ಟಾ ಬರೆದು, ರಾತ್ರಿ ಅಮ್ಮನವರ ಮೇಲೆ ಹಾಡು ಬರೆಯುತ್ತ ಬಂದವನು. ಆದರೂ ಆಗ ನನಗೆ ಉತ್ತರ ಹೊಳೆಯಲಿಲ್ಲ. "ಪೊಂಗಲು ಆರಿಹೋಗುತ್ತದೆ, ತಿನ್ನು" ಎಂದುಬಿಟ್ಟೆ. ಆ ದಿನ ಹೇಳಲಾರದೆ ಹೋದುದನ್ನು ಈ ದಿನ ತಮ್ಮೆಲ್ಲರ ಸಮಕ್ಷಮದಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ದೂರಕ್ಕೆ ಹೋಗುವುದು ಬೇಡ. ನಮ್ಮ ನೊಯ್ಯಲ್ ನದಿಯ ದಡದಲ್ಲೇ ಇರುವ ಪೇರೂರಿನ ಪಟ್ಟೀಶ್ವರಸ್ವಾಮಿಯ ಸನ್ನಿಧಿಗೆ ಹೋಗೋಣ. ಅಲ್ಲಿಯ ಸ್ಥಳಪುರಾಣವನ್ನು ತಾವು ಬಾಲ್ಯದಿಂದಲೂ ಕೇಳಿದ್ದೀರಿ. ತೇವಾರವನ್ನು ಹಾಡಿದ ಮೂವರಲ್ಲಿ ಒಬ್ಬರಾದ ಸುಂದರಮೂರ್ತಿ ಸ್ವಾಮಿಗಳು ಪೇರೂರಿಗೆ ದಯಮಾಡಿಸಿದರು. ಅವರು ಶಿವನಿಗೆ ಸಖರು. ಹಾಡಿದ ಮೇಲೆ ಸ್ನೇಹದ ಸಲಿಗೆಯಿಂದ ಹೊನ್ನನ್ನು ಕೇಳುವವರು. ಆ ದಿನ ಸ್ವಾಮಿಯ ಕೈಯಲ್ಲಿ ಕಾಸಿರಲಿಲ್ಲವಂತೆ! ಜಗತ್ತಿಗೆಲ್ಲ ಕೊಡುವವನ ಕೈ ಬರಿದಾಯಿತೆಂದು ಹೇಳಲು ನಮ್ಮ ಹಿರಿಯರು ನಾಚಿಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ಸ್ವಾಮಿಯು ಪಚ್ಚೈನಾಯಕಿ ಅಮ್ಮನವರೊಡನೆ ರೈತಾಳಿನ ವೇಷ ಧರಿಸಿ, ತಾನಿರುವ ಸ್ಥಳವನ್ನು ಯಾರಿಗೂ ತಿಳಿಸಬಾರದೆಂದು ನಂದಿಗೆ ಹೇಳಿ, ಗದ್ದೆಗಿಳಿದು ಭತ್ತದ ನಾಟಿ ಹಾಕತೊಡಗಿದನು. ಸುಂದರರು ಗರ್ಭಗುಡಿಗೆ ಬಂದರು, ಸ್ವಾಮಿ ಅಲ್ಲಿಲ್ಲ. ಪಾಪ, ನಂದಿಯು ಬಾಯಿ ಬಿಡಲಿಲ್ಲವಾದರೂ ಕಣ್ಣಿನ ಸನ್ನೆಯಿಂದ ಗದ್ದೆಯ ಕಡೆಗೆ ತೋರಿಸಿಬಿಟ್ಟನು. ಅದಕ್ಕಾಗಿ ಆಮೇಲೆ ಪೆಟ್ಟನ್ನೂ ತಿಂದನೆನ್ನುತ್ತಾರೆ. ಸುಂದರರು ಗದ್ದೆಯ ಬದುವಿಗೆ ಹೋಗಿ, ಕೆಸರಿನಲ್ಲಿ ಬಾಗಿ ನಿಂತಿದ್ದ ಸ್ವಾಮಿಯನ್ನು ಕಂಡರು. ಈ ಪ್ರಸಂಗವನ್ನೇ ಇಂದಿಗೂ ಪೇರೂರಿನಲ್ಲಿ ಆನಿ ಮಾಸದಲ್ಲಿ ನಾಟಿಯ ಉತ್ಸವವೆಂದು, ತಮಿಳಿನಲ್ಲಿ ನಾಟ್ರು ನಡವು ಎಂದು, ಆಚರಿಸುತ್ತಾರೆ.

ಈ ಉತ್ಸವಕ್ಕೆ ಹೋದವರೆಲ್ಲ ಸ್ವಾಮಿಯ ಸರಳತೆಯನ್ನು ಕಂಡು ಕೈಮುಗಿಯುತ್ತಾರೆ. ನನಗಾದರೋ ಬೇರೊಂದು ಸಂಗತಿ ಕಾಣುತ್ತದೆ. ಹಾಡುಗಾರನು ಬಂದನೆಂದು ಸ್ವಾಮಿಯು ನಾಟಿಯನ್ನು ಬಿಟ್ಟು ಗುಡಿಗೆ ಓಡಿಬರಲಿಲ್ಲ. ಸ್ವಾಮಿಯು ಕೆಲಸದಲ್ಲಿ ನಿಂತಿದ್ದ ತಾಣಕ್ಕೆ ಹಾಡೇ ನಡೆದುಕೊಂಡು ಹೋಗಬೇಕಾಯಿತು. ಆನಿ ಮಾಸವೆಂದರೆ ಇಂಗ್ಲಿಷ್ ಲೆಕ್ಕದಲ್ಲಿ ಜೂನ್ ನಡುವಿನಿಂದ ಜುಲೈ ನಡುವಿನವರೆಗೆ. ಕಂದಾಯದ ಫಸಲಿ ವರ್ಷವು ತಿರುಗುವುದು ಜುಲೈ 1ರಂದು. ಸ್ವಾಮಿಯು ಪೇರೂರಿನಲ್ಲಿ ನಾಟಿ ಹಾಕುವ ಕಾಲಕ್ಕೇ ನನ್ನಂಥವರು ಹಳೆಯ ಹೊತ್ತಗೆಯನ್ನು ಮುಚ್ಚಿ ಹೊಸದನ್ನು ತೆರೆಯುತ್ತೇವೆ. ಇದು ಆಕಸ್ಮಿಕವೇ ಇರಬಹುದು. ಆದರೂ ಪ್ರತಿ ವರ್ಷ ಹೊಸ ಹೊತ್ತಗೆಯ ಮೊದಲ ಪುಟದಲ್ಲಿ ಪಿಳ್ಳೆಯಾರ್ ಸುಳಿಯನ್ನು ಹಾಕುವಾಗ ನನಗೆ ಆ ಗದ್ದೆಯ ನೆನಪಾಗುತ್ತದೆ.

ನಾವು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ಜನ. ಸುಂದರರ ಮಾತನ್ನು ಬೀದಿಯಿಂದ ತಂದೆ. ಇನ್ನು ಮನೆಯ ಮಾತನ್ನು ಹೇಳುತ್ತೇನೆ. ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಹಾಡು, ಮಾತುಗಳನ್ನೇ ಕಸುಬಾಗಿ ಮಾಡಿಕೊಂಡವರನ್ನು ಕಾಣುವುದು ಕಷ್ಟ. ಅಂಬಿಗರ ಚೌಡಯ್ಯನು ದೋಣಿ ನಡೆಸಿದನು. ನುಲಿಯ ಚಂದಯ್ಯನು ಹಗ್ಗ ಹೊಸೆದನು. ಮೋಳಿಗೆಯ ಮಾರಯ್ಯನು ಸೌದೆ ಹೊತ್ತನು. ಅವರಿಗೂ ಹಿಂದಿನವನೆಂದು ಹೇಳಲಾಗುವ ದಾಸಿಮಯ್ಯನು ಮಗ್ಗದಲ್ಲಿ ಕುಳಿತವನು. ನಮ್ಮ ಕೊಯಮತ್ತೂರು ಸೀಮೆಯ ದೇವಾಂಗ ಬಂಧುಗಳಿಗೆ ಆತನ ವಿಷಯವನ್ನು ನಾನು ಹೇಳಬೇಕಾಗಿಲ್ಲ. ಇನ್ನು ಬಸವಣ್ಣನವರು! ಅವರನ್ನು ಭಕ್ತಿಭಂಡಾರಿ ಎಂದು ಎಲ್ಲರೂ ಕರೆಯುತ್ತಾರೆ. ಆದರೆ ಹರಿಹರ ಕವಿಯ ರಗಳೆಯನ್ನು ಓದಿದವರಿಗೆ ಗೊತ್ತು, ಅವರು ಮಂಗಳವಾಡದಲ್ಲಿ ಮೊದಲು ಬೆಳಕಿಗೆ ಬಂದದ್ದು ಕರಣಿಕರ ಲೆಕ್ಕದಲ್ಲಿ ತಪ್ಪು ಹಿಡಿದು ತೋರಿಸಿದುದರಿಂದ. ಅಂದರೆ ಅವರು ನಮ್ಮ ಪಂಗಡದವರು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಸ್ವಲ್ಪ ಗರ್ವ ಬರುತ್ತದೆ, ತಾವು ಕ್ಷಮಿಸಬೇಕು.

ಆ ವಚನಗಳ ಕೊನೆಯಲ್ಲಿ ಬರುವ ಅಂಕಿತದ ವಿಷಯವಾಗಿ ಒಂದು ಮಾತು. ಬಸವಣ್ಣನವರು ತಮ್ಮ ಹೆಸರನ್ನು ಹಾಕದೆ ಕೂಡಲಸಂಗಮದೇವನ ಹೆಸರನ್ನು ಹಾಕಿದರು. ದಾಸಿಮಯ್ಯನು ರಾಮನಾಥನ ಹೆಸರನ್ನು ಹಾಕಿದನು. ಹರಿದಾಸರೂ ಇದೇ ರೀತಿಯಲ್ಲಿ ವಿಠಲನ ಹೆಸರನ್ನಿಟ್ಟರು. ಇದಕ್ಕೆ ವಿದ್ವಾಂಸರು ಬೇಕಾದಷ್ಟು ವ್ಯಾಖ್ಯಾನ ಮಾಡಿದ್ದಾರೆ. ಲೆಕ್ಕಿಗನಾದ ನನಗೆ ತೋರುವುದಿಷ್ಟು: ಹಣ ಕೊಟ್ಟವನು ರಸೀದಿಗೆ ರುಜು ಹಾಕುವುದಿಲ್ಲ, ಪಡೆದವನು ಹಾಕುತ್ತಾನೆ. ಪದದ ಕಡೆಯ ಸಾಲಿನಲ್ಲಿ ದೇವರ ಹೆಸರಿರುವುದು, ಹಾಡು ಸಲ್ಲಬೇಕಾದವನಿಗೆ ಸಂದಿತೆಂಬ ರಸೀದಿ. ರಸೀದಿ ಬಂದ ಮೇಲೆ ಆ ಮೊತ್ತವು ನಮ್ಮ ಲೆಕ್ಕದಲ್ಲಿ ಉಳಿಯಕೂಡದು. ಹೊಗಳಿಕೆಯನ್ನು ಕಾದು ಕುಳಿತಿರುವ ಹಾಡುಗಾರನು ಖರ್ಚು ಹಾಕಿದ ಹಣವನ್ನು ಮತ್ತೊಮ್ಮೆ ಜಮಾ ಬರೆದುಕೊಳ್ಳುವವನಂತೆ.

ಇಲ್ಲಿಯೇ ಒಂದು ತೊಡಕಿನ ಪ್ರಶ್ನೆ ಎದುರಾಗುತ್ತದೆ. ಉದ್ಯೋಗದಲ್ಲಿರುವ ಭಕ್ತನು ದೇವರಿಗೆ ಏನನ್ನು ಕೊಡಬಹುದು? ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡದ ಸುಲ್ತಾನನ ಆಳ್ವಿಕೆಯಲ್ಲಿ ಪಾಲ್ವಂಚದ ತಹಸೀಲ್ದಾರರಾಗಿದ್ದ ಕಂಚೆರ್ಲ ಗೋಪನ್ನನವರ ಕಥೆ ತಮಗೆಲ್ಲ ತಿಳಿದದ್ದೇ. ಭದ್ರಾಚಲದಲ್ಲಿ ಶ್ರೀರಾಮನಿಗೆ ದೇವಾಲಯ ಕಟ್ಟಿಸಿ, ಕಂದಾಯದ ಹಣವನ್ನು ಅದಕ್ಕೆ ವ್ಯಯ ಮಾಡಿದರೆಂಬ ಕಾರಣಕ್ಕೆ ತಾನೀಷಾ ಅವರನ್ನು ಸೆರೆಯಲ್ಲಿಟ್ಟನು. ಹನ್ನೆರಡು ವರ್ಷ ಅವರು ಕತ್ತಲಲ್ಲಿ ಕುಳಿತು ಕೀರ್ತನೆಗಳನ್ನು ಹಾಡಿದರೆಂದೂ, ಕಡೆಗೆ ರಾಮಲಕ್ಷ್ಮಣರೇ ಬಂದು ಬಾಕಿ ಹಣವನ್ನು ಸುಲ್ತಾನನಿಗೆ ಸಲ್ಲಿಸಿ ಬಿಡಿಸಿದರೆಂದೂ ಪ್ರತೀತಿ. ಭದ್ರಾಚಲ ರಾಮದಾಸರೆಂದು ಅವರನ್ನು ನಾವು ಪೂಜಿಸುತ್ತೇವೆ. ಅವರ ಕೀರ್ತನೆಗಳನ್ನು ನಮ್ಮ ಭಜನೆಯಲ್ಲಿಯೂ ಹಾಡುತ್ತೇವೆ. ಆದರೂ ಕಂದಾಯದ ಲೆಕ್ಕ ಬರೆಯುವ ನಾನು ಈ ಕಥೆಯನ್ನು ಅಂಜಿಕೆಯಿಲ್ಲದೆ ಓದಿದ್ದೇ ಇಲ್ಲ. ಆ ಹಣ ಗೋಪನ್ನನವರದಾಗಿರಲಿಲ್ಲ. ಕೀರ್ತನೆಗಳು ಅವರವಾಗಿದ್ದವು.

ಬಸವಣ್ಣನವರ ಮೇಲೂ ಇಂಥದೇ ದೂರು ಬಂದಿತ್ತೆಂದು ಪುರಾಣಗಳು ಹೇಳುತ್ತವೆ: ಭಂಡಾರದ ದ್ರವ್ಯವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿಕೋರರು ಬಿಜ್ಜಳನ ಕಿವಿಯೂದಿದರು, ಬಿಜ್ಜಳನು ಭಂಡಾರವನ್ನು ಎಣಿಸಿ ನೋಡಿಸಿದನು, ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಈ ಎರಡು ಕಥೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದು ಕನ್ನಡ ನಾಡಿನದು, ಒಂದು ತೆಲುಗು ನಾಡಿನದು. ಒಂದು ಶೈವ, ಒಂದು ವೈಷ್ಣವ. ನಡುವೆ ಐನೂರು ವರ್ಷಗಳ ಅಂತರ. ಆದರೂ ಎರಡರಲ್ಲಿಯೂ ಲೆಕ್ಕವು ಸರಿಹೋಗದೆ ಕಥೆ ಮುಗಿಯಲಿಲ್ಲ. ಒಂದರಲ್ಲಿ ಭಂಡಾರ ತುಂಬಿಯೇ ಇತ್ತು. ಇನ್ನೊಂದರಲ್ಲಿ ದೇವರೇ ಕೈಯಿಂದ ಹಣ ತಂದು ಕಟ್ಟಬೇಕಾಯಿತು. ಭಕ್ತಿಯ ಕಥೆಯನ್ನು ಹೇಳಿದ ನಮ್ಮ ಹಿರಿಯರಿಗೂ ಖಜಾನೆಯ ಬಾಕಿಯನ್ನು ಹಾಗೆಯೇ ಬಿಟ್ಟು ಮಂಗಳ ಹಾಡಲು ಮನಸ್ಸೊಪ್ಪಲಿಲ್ಲ.

ಹಾಗಾದರೆ ಎಲ್ಲವನ್ನೂ ತ್ಯಜಿಸಿಬಿಡುವುದೇ ಉತ್ತಮವಲ್ಲವೇ, ಪುರಂದರದಾಸರು ವ್ಯಾಪಾರವನ್ನೂ ಸಂಪತ್ತನ್ನೂ ತೊರೆದು ತಂಬೂರಿ ಹಿಡಿಯಲಿಲ್ಲವೇ ಎಂದು ಕೇಳಬಹುದು. ಹಿಡಿದರು. ಅವರ ಪುಣ್ಯದಿಂದಲೇ ನಮ್ಮ ಮಕ್ಕಳೂ ತಮಿಳು ಮನೆಯ ಮಕ್ಕಳೂ ಇಂದಿಗೂ ಮಾಯಾಮಾಳವಗೌಳದಲ್ಲಿ ಸರಳೆ ಜಂಟೆಗಳನ್ನು ಸಾಧನೆ ಮಾಡುತ್ತಿದ್ದಾರೆ. ಆದರೆ ಅವರು ಬಿಟ್ಟದ್ದು ತಮ್ಮ ಸ್ವಂತ ಸಂಪತ್ತನ್ನು. ತಂದೆಯ ಔಷಧದ ಖರ್ಚನ್ನೂ ತಂಗಿಯ ಮದುವೆಯ ಸಾಲವನ್ನೂ ಹೊತ್ತಿರುವ ಹುಡುಗನು ಕೆಲಸ ಬಿಟ್ಟರೆ, ಅವನು ತ್ಯಜಿಸಿದ್ದು ಇತರರ ಅನ್ನವನ್ನಾಗುತ್ತದೆ. ಇದಕ್ಕಿಂತ ಹೆಚ್ಚಾಗಿ ಈ ವಿಷಯದಲ್ಲಿ ನಾನು ಹೇಳಲಾರೆ.

ಎರಡನ್ನೂ ಬಿಡದೆ ಬಾಳಿದವರನ್ನು ನಮ್ಮ ತಮಿಳುನಾಡಿನಲ್ಲಿಯೇ ಕಾಣಬಹುದು. ವೇದನಾಯಕಂ ಪಿಳ್ಳೆಯವರು (1826–1889) ನ್ಯಾಯಾಲಯದ ಕಡತಗಳನ್ನು ಕಾಯುವ ಕೆಲಸದಿಂದ ಆರಂಭಿಸಿ ಮಾಯವರಂನಲ್ಲಿ ಮುನ್ಸೀಫರಾದವರು. ಹಗಲೆಲ್ಲ ವ್ಯಾಜ್ಯಗಳನ್ನು ಕೇಳಿದ ಅದೇ ಕಿವಿಯಿಂದ ರಾಗಗಳನ್ನೂ ಕೇಳಿ, ಸರ್ವಸಮಯ ಸಮರಸ ಕೀರ್ತನೆಗಳನ್ನು 1878ರಲ್ಲಿ ಹೊರತಂದರು. ಅವರು ಕ್ರೈಸ್ತರು, ದೇವಾಲಯದ ಸಂಚಿಕೆಯಲ್ಲಿ ಅವರ ಹೆಸರೇಕೆಂದು ಯಾರೂ ಹುಬ್ಬು ಗಂಟಿಕ್ಕಬಾರದು, ಆ ಪುಸ್ತಕದ ಹೆಸರೇ ಅದಕ್ಕೆ ಉತ್ತರ ಹೇಳುತ್ತದೆ.

ಇನ್ನೂ ಹತ್ತಿರದವರು, ನಮ್ಮ ಕೊಂಗುನಾಡಿನವರೇ ಆದ ಪೆರಿಯಸಾಮಿ ತೂರನ್. ಈ ಮಹನೀಯರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದು ನನ್ನ ಆಸೆ. ಈರೋಡಿನ ಕಡೆಯ ಮಂಜಕ್ಕಾಟ್ಟುವಲಸು ಎಂಬ ಸಣ್ಣ ಊರಿನಲ್ಲಿ 1908ರಲ್ಲಿ ರೈತ ಕುಟುಂಬದಲ್ಲಿ ಜನಿಸಿದರು. ತೂರನ್ ಎಂಬುದು ಅವರ ಕುಲದ ಹೆಸರು. ಓದಿದ್ದು ಗಣಿತ, ಹಿಡಿದದ್ದು ಉಪಾಧ್ಯಾಯ ವೃತ್ತಿ. ನಮ್ಮ ಕೊಯಮತ್ತೂರಿನ ಉತ್ತರಕ್ಕೆ ಪೆರಿಯನಾಯಕ್ಕನ್‌ಪಾಳ್ಯದಲ್ಲಿರುವ ರಾಮಕೃಷ್ಣ ವಿದ್ಯಾಲಯದಲ್ಲಿ, ಅವಿನಾಶಿಲಿಂಗಂ ಅವರು 1930ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯಲ್ಲಿ, ಮಕ್ಕಳಿಗೆ ಪಾಠ ಹೇಳಿದರು. ಅನಂತರ ತಮಿಳು ವಿಶ್ವಕೋಶವಾದ ಕಲೈಕ್ಕಳಂಜಿಯಂ ಎಂಬ ಮಹಾಗ್ರಂಥಕ್ಕೆ ಪ್ರಧಾನ ಸಂಪಾದಕರಾದರು. ಅದು ಹತ್ತು ಸಂಪುಟಗಳ ಗ್ರಂಥ. 1954ರಿಂದ 1968ರವರೆಗೆ ಒಂದೊಂದಾಗಿ ಅಚ್ಚಾಗಿ ಬಂದಿತು. ವಿಶ್ವಕೋಶವೆಂದರೆ ಸಾಮಾನ್ಯವಲ್ಲ. ನೂರಾರು ಪಂಡಿತರ ಬರಹಗಳನ್ನು ತರಿಸಿ, ತಿದ್ದಿ, ಅಕಾರಾದಿಯಾಗಿ ಜೋಡಿಸಿ, ಕರಡಚ್ಚು ನೋಡಿ, ಒಂದು ಇಸವಿಯೂ ಒಂದು ಅಂಕಿಯೂ ತಪ್ಪದಂತೆ ಕಾಯುವ ಕೆಲಸ. ಅಡಂಗಲ್ ಬರೆದವನಿಗೆ ಆ ಶ್ರಮದ ರುಚಿ ಸ್ವಲ್ಪ ತಿಳಿಯುತ್ತದೆ.

ಇಂಥ ಕೆಲಸದ ಜೊತೆಯಲ್ಲಿಯೇ ಅವರು ಮುರುಗನ ಮೇಲೆ, ದೇವಿಯ ಮೇಲೆ, ವಿನಾಯಕನ ಮೇಲೆ ಆರುನೂರರಷ್ಟು ಹಾಡುಗಳನ್ನು ರಚಿಸಿದರೆಂದರೆ ಆಶ್ಚರ್ಯವಾಗುವುದಿಲ್ಲವೇ? ಶುದ್ಧಸಾವೇರಿಯಲ್ಲಿ ತ್ರಿಪುರಸುಂದರಿಯನ್ನು ಕರೆಯುವ ಅವರ ಕೃತಿಯನ್ನು ನವರಾತ್ರಿಯಲ್ಲಿ ನಮ್ಮ ಹೆಣ್ಣುಮಕ್ಕಳು ಎಷ್ಟೋ ಸಲ ಹಾಡಿದ್ದಾರೆ. ಕಟ್ಟಿದವರು ಯಾರೆಂದು ಕೇಳಿದವರು ಕಡಿಮೆ. 1968ರಲ್ಲಿ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1987ರಲ್ಲಿ ಅವರು ದೈವಾಧೀನರಾದರು. ಅವರ ಹಾಡುಗಳ ಮಾತುಗಳು ಸಣ್ಣವು, ತಿಳಿಯಾದವು, ಒಂದೂ ಜಾಸ್ತಿಯಿಲ್ಲ. ವಿಶ್ವಕೋಶದ ಕೆಲಸವು ಹಾಡಿಗೆ ಅಡ್ಡಿಯಾಯಿತೆಂದು ನಾವು ಕನಿಕರಪಡುತ್ತೇವೆ. ನನಗೇಕೋ, ಅಳತೆಗೆ ತಕ್ಕಂತೆ ಬರೆಯುವ ಆ ಹಗಲಿನ ಅಭ್ಯಾಸವೇ ರಾತ್ರಿಯ ಹಾಡಿಗೆ ಇಳಿದು ಬಂದಿರಬೇಕೆಂದು ತೋರುತ್ತದೆ.

ದೊಡ್ಡವರ ಮಾತಾಯಿತು. ಈಗ ನನ್ನ ತಪ್ಪೊಂದನ್ನು ಅಮ್ಮನವರ ಸನ್ನಿಧಿಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಅದನ್ನು ಮುಚ್ಚಿಟ್ಟು ಮೇಲಿನದನ್ನೆಲ್ಲ ಬರೆದರೆ ಈ ಲೇಖನವೇ ಸುಳ್ಳು ಲೆಕ್ಕವಾದೀತು.

ನಾನು ತಾಳವಾಡಿಯ ಬೆಟ್ಟದ ಮೇಲಿನ ಕನ್ನಡ ಶಾಲೆಯಲ್ಲಿ ಓದಿದವನು. ಅಲ್ಲಿ ಕಲಿತ ಪದ್ಯಗಳ ಗುಂಗು ಕೆಲಸಕ್ಕೆ ಸೇರಿದ ಮೇಲೂ ಬಿಡಲಿಲ್ಲ. ವಂಶಪಾರಂಪರ್ಯದ ಕರ್ಣಂ ಹುದ್ದೆಗಳು ನಮ್ಮ ರಾಜ್ಯದಲ್ಲಿ 1980ರಲ್ಲಿಯೇ ರದ್ದಾಗಿದ್ದವು. ನಾನು ಪರೀಕ್ಷೆ ಬರೆದು ಬಂದವನು, ಆದರೂ ಊರವರ ಬಾಯಲ್ಲಿ ಕಣಕ್ಕಪಿಳ್ಳೆಯೇ. ಸೇವೆಯ ಆರನೆಯ ವರ್ಷ. ಆಗೆಲ್ಲ ಹೊತ್ತಗೆಗಳನ್ನು ಕೈಯಿಂದಲೇ ಬರೆಯಬೇಕು. ಒಂದು ಮಧ್ಯಾಹ್ನ ಅಡಂಗಲ್‌ನಲ್ಲಿ ಬೆಳೆಯ ವಿವರ ತುಂಬುತ್ತಿದ್ದೆ; ಮನಸ್ಸಿನಲ್ಲಿ ಅಮ್ಮನವರ ಮೇಲಿನ ಒಂದು ಪಲ್ಲವಿ ಓಡುತ್ತಿತ್ತು, ಅನುಪಲ್ಲವಿಗೆ ಪ್ರಾಸ ಸಿಕ್ಕಿರಲಿಲ್ಲ. ಪ್ರಾಸ ಸಿಕ್ಕಿತು. ಆ ಸಂತೋಷದಲ್ಲಿ, ಒಬ್ಬ ವಿಧವೆ ಅಜ್ಜಿಯ ಅರಿಸಿನದ ಬೆಳೆಯನ್ನು ಅವಳ ಉಪವಿಭಾಗದ ಎದುರಿಗೆ ಬರೆಯದೆ ಪಕ್ಕದ ಉಪವಿಭಾಗದ ಎದುರಿಗೆ ಬರೆದೆ. ಅವಳ ಭೂಮಿ ಪುಸ್ತಕದಲ್ಲಿ ಬೀಳಾಯಿತು. ಬೆಳೆಸಾಲಕ್ಕೆ ಅರ್ಜಿ ಹಾಕಿದಾಗ, ಬೆಳೆಯೇ ಇಲ್ಲವಲ್ಲ ಎಂದು ಹಿಂದಕ್ಕೆ ಕಳುಹಿಸಿದರು. ಅವರದೇನೂ ತಪ್ಪಿಲ್ಲ, ಪುಸ್ತಕದಲ್ಲಿ ಇದ್ದುದನ್ನು ಅವರು ನಂಬಿದರು. ಅಜ್ಜಿಯು ಯಾರಿಗೂ ಹೇಳದೆ, ಕರೆಯುತ್ತಿದ್ದ ಹಸುವನ್ನು ಮಾರಿ ಗೊಬ್ಬರಕ್ಕೆ ಹಣ ಹೊಂದಿಸಿಕೊಂಡಳು.

ಜಮಾಬಂದಿಯಲ್ಲಿ ತಪ್ಪು ಹೊರಬಿತ್ತು. ಪುಸ್ತಕವನ್ನು ತಿದ್ದಬಹುದಾಗಿತ್ತು, ತಿದ್ದಿದೆ. ಹಸು ಮಾತ್ರ ಪೊಳ್ಳಾಚಿಯ ಸಂತೆಯಿಂದ ಎಲ್ಲಿಗೋ ಹೋಗಿಯಾಗಿತ್ತು. ನಾನು ಅವಳ ಮನೆಯ ಬಾಗಿಲಿಗೆ ಹೋಗಿ ನಡೆದುದನ್ನು ಹೇಳಿ, ಹಣವನ್ನು ಕೊಡಹೋದೆ. ಅವಳು ಅರ್ಧವನ್ನು ತೆಗೆದುಕೊಂಡಳು. ಉಳಿದರ್ಧ ಹಸು ತಾನಾಗಿ ಸತ್ತಿದ್ದರೆ ಎಷ್ಟೋ ಅಷ್ಟು ಎಂದಳು. ಆ ರಾತ್ರಿ ಹಾಡಿನ ಹೊತ್ತಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಎರಡು ವರ್ಷ ಒಂದು ಸಾಲನ್ನೂ ಬರೆಯಲಿಲ್ಲ. ಅದು ಪ್ರಾಯಶ್ಚಿತ್ತವೆಂದೇ ಭಾವಿಸಿದ್ದೆ. ಒಳಗೊಳಗೇ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಈಗ ತೋರುತ್ತದೆ.

ಎರಡನೆಯ ಧನುರ್ಮಾಸದಲ್ಲಿ ಆ ಅಜ್ಜಿಯೇ ಗುಡಿಯ ಮೆಟ್ಟಿಲ ಮೇಲೆ ನನ್ನನ್ನು ತಡೆದಳು. "ಅಯ್ಯಾ, ಹೋದ ವರ್ಷವೂ ಹೊಸ ಹಾಡಿಲ್ಲ, ಈ ವರ್ಷವೂ ಇಲ್ಲ. ಹಸು ಹೋದದ್ದು ನಿಮ್ಮ ಕೈಯಿಂದ. ಹಾಡು ನಿಂತದ್ದೂ ನಿಮ್ಮ ಕೈಯಿಂದಲೇ. ನನಗೊಬ್ಬಳಿಗೆ ಎರಡೆರಡು ನಷ್ಟ ಯಾಕೆ ಮಾಡ್ತೀರಿ?" ಎಂದಳು. ಆಕೆಗೆ ಅಕ್ಷರ ಬಾರದು. ಆದರೆ ನನ್ನ ಪಟ್ಟಿಯಲ್ಲಿ ನಾನು ಕಾಣದಿದ್ದ ಒಂದು ತಪ್ಪು ನಮೂದನ್ನು ಆಕೆ ಬೆರಳಿಟ್ಟು ತೋರಿಸಿದಳು. ಅಂದು ರಾತ್ರಿಯೇ ಅಟ್ಟ ಹತ್ತಿದೆ.

ಅಂದಿನಿಂದ ನಡೆಸಿಕೊಂಡು ಬಂದ ಕ್ರಮ ಹೀಗಿದೆ. ಸರ್ಕಾರದ ಹೊತ್ತಗೆ ತೆರೆದಿರುವವರೆಗೆ ಹಾಡಿಗೆ ಬಾಗಿಲಿಲ್ಲ. ಪಲ್ಲವಿಯು ಬರುವುದಾದರೆ ನೊಯ್ಯಲ್ ದಂಡೆಯ ಮೇಲೆ ಗಾಡಿಯಲ್ಲಿ ಹೋಗುವಾಗ ಬರಲಿ, ವೆಳ್ಳಿಯಂಗಿರಿಯ ಮೇಲೆ ಮೋಡ ಕಟ್ಟಿರುವಾಗ ಬರಲಿ. ಅದನ್ನು ಬಾಯಲ್ಲಿಯೇ ಇಟ್ಟುಕೊಂಡು ಹಗಲನ್ನು ಕಳೆಯಬೇಕು. ರಾತ್ರಿ ಊಟವಾದ ಮೇಲೆ ಇನ್ನೂ ಉಳಿದಿದ್ದರೆ ಬರೆಯುವುದು. ಮರೆತಿದ್ದರೆ ಅದು ಅಮ್ಮನವರಿಗೆ ಬೇಡವಾಗಿತ್ತೆಂದು ಬಿಟ್ಟುಬಿಡುವುದು. ಬರೆಯುವ ಹೊತ್ತಗೆಯು ಅಂಗಡಿಯಿಂದ ನನ್ನ ಕಾಸಿನಲ್ಲಿ ತಂದದ್ದು. ಹೀಗೆ ಈವರೆಗೆ 112 ಹಾಡುಗಳಾಗಿವೆ. ಹಾಡಲು ಯೋಗ್ಯವಾದವು ಇಪ್ಪತ್ತನ್ನು ದಾಟಲಾರವು. ಇದು ವಿನಯದ ಮಾತಲ್ಲ, ಎಣಿಸಿಯೇ ಹೇಳುತ್ತಿದ್ದೇನೆ. ಅವನ್ನು ನಮ್ಮ ಮಕ್ಕಳು ತಮಿಳು ಅಕ್ಷರದಲ್ಲಿ ಬರೆದುಕೊಂಡು ಕನ್ನಡದಲ್ಲಿ ಹಾಡುತ್ತಾರೆ. ಲಿಪಿಯು ಹೋಯಿತಲ್ಲಾ ಎಂದು ಒಮ್ಮೊಮ್ಮೆ ಸಂಕಟವಾದರೂ, ಬಾಯಿಯಾದರೂ ಉಳಿಯಿತಲ್ಲಾ ಎಂದು ಸಮಾಧಾನವಾಗುತ್ತದೆ. ಆ ಅಜ್ಜಿ ಈಗಿಲ್ಲ. ಅಟ್ಟದಿಂದ ಇಳಿಸಿದ ಮೇಲೆ ಬರೆದ ಮೊದಲ ಹಾಡನ್ನು ಆಕೆ ಕಡೆಯ ವರ್ಷದವರೆಗೂ ಎರಡನೆಯ ಚರಣದಲ್ಲಿ ತಪ್ಪಾಗಿಯೇ ಹಾಡುತ್ತಿದ್ದಳು. ಈಗ ಊರೆಲ್ಲ ಹಾಡುವುದು ಅವಳ ಪಾಠವನ್ನೇ. ನನ್ನದಕ್ಕಿಂತ ಅದೇ ಚೆನ್ನಾಗಿದೆ.

ತಿರುಪ್ಪೂರಿನ ಹುಡುಗನ ಮಾತಿಗೆ ಬರುತ್ತೇನೆ. ಮಗು, ಎರಡರಲ್ಲಿ ಯಾವುದನ್ನು ಬಿಡಲಿ ಎಂದು ನೀನು ಕೇಳಿದೆ. ಪಟ್ಟೀಶ್ವರನು ನಾಟಿಯನ್ನು ಬಿಡಲಿಲ್ಲ, ಸುಂದರರು ಹಾಡನ್ನು ಬಿಡಲಿಲ್ಲ. ಇಬ್ಬರೂ ಕೂಡಿದ್ದು ಬದುವಿನ ಮೇಲೆ. ಕಾರ್ಖಾನೆಯ ಗಂಟೆ ಅದರ ಯಜಮಾನರದು. ಅದರಿಂದ ಅಮ್ಮನವರಿಗೆ ಒಂದು ನಿಮಿಷವನ್ನೂ ಕದ್ದು ತರಬೇಡ. ಬಸ್ಸಿನ ಗಂಟೆ ನಿನ್ನದು.

ಅವನಿಗೆ ಇದನ್ನು ಬಾಯಿಮಾತಿನಲ್ಲಿಯೂ ಹೇಳಿದೆ. ಹೋದ ವಾರ ಕುಂಭಾಭಿಷೇಕಕ್ಕೆಂದು ಒಂದು ಹಾಡನ್ನು ತಂದು ತೋರಿಸಿದನು. ತಿರುಪ್ಪೂರಿಗೆ ಹೋಗಿಬರುವ ಬಸ್ಸಿನಲ್ಲಿಯೇ ಕಟ್ಟಿದ್ದಂತೆ. ಭಾವ ಚೆನ್ನಾಗಿದೆ. ರೂಪಕತಾಳಕ್ಕೆ ಎರಡನೆಯ ಚರಣದಲ್ಲಿ ಒಂದು ಅಕ್ಷರ ಹೆಚ್ಚಾಗಿದೆ, ಅಂಕಿತವೂ ಕೂತಿಲ್ಲ. ತಿದ್ದಿಕೊಂಡು ಶುಕ್ರವಾರ ಬಾ ಎಂದು ಹೇಳಿದ್ದೆ. ಇದನ್ನು ಬರೆಯುತ್ತಿರುವಾಗ ಹೇಳಿಕಳುಹಿಸಿದ್ದಾನೆ: ಈ ತಿಂಗಳ ಸಂಬಳದ ಪಟ್ಟಿ ಇನ್ನೂ ಮುಗಿದಿಲ್ಲವಂತೆ, ಭಾನುವಾರ ಬರುತ್ತಾನಂತೆ.